ಸೀಡ್ ಮನಿಯಿಂದ ತೊಗಲುಗೊಂಬೆಗಳ ದಾಖಲಾತಿ: ನನ್ನ ಅನುಭವ

ವಿಶ್ವವಿದ್ಯಾಲಯದ ಸೀಡ್ ಮನಿಯಲ್ಲಿ, ಅಂದರೆ ಸಂಶೋಧನೆ ಆರಂಭಿಸಲು ಅದು ಅಧ್ಯಾಪಕರಿಗೆ ಕೊಡುವ ಧನಸಹಾಯದಲ್ಲಿ, ಉಪಕರಣ ಕೊಳ್ಳದೆ ಬಹುಪಾಲನ್ನು ತೊಗಲುಗೊಂಬೆ ಕಲಾವಿದರಿಗೇ ಗೌರವಧನವಾಗಿ ಕೊಟ್ಟರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ತಪ್ಪದು ಎಂದು ವಿಭಾಗದ ಹಿರಿಯರು ಎಚ್ಚರಿಸಿದ್ದರು. ಹಣವನ್ನು ಹೇಗೆ ಖರ್ಚು ಮಾಡಿದೆನೆಂದು ಲೆಕ್ಕ ಒಪ್ಪಿಸುವ ನನ್ನ ಬಳಕೆ ಪ್ರಮಾಣಪತ್ರ ಒಂದು ಆಕ್ಷೇಪಣೆಯೂ ಇಲ್ಲದೆ ಅಂಗೀಕಾರವಾಗಿರುವುದರಿಂದ ಅದನ್ನು ಸಾಧಿಸಿದ ಬಗೆಯನ್ನು ಬರೆಯುತ್ತಿದ್ದೇನೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಹಿಂದಿನ ಕಿರು ಸಂಶೋಧನಾ ಯೋಜನೆಗಳ ರೂಢಿಯಂತೆ ಲ್ಯಾಪ್‌ಟಾಪ್, ಕ್ಯಾಮೆರಾ ಸೇರಿಸಿ ಸುಮಾರು ನಾಲ್ಕು ಲಕ್ಷ ಕೇಳಿದ್ದ ನನ್ನ ಮೊದಲ ಅರ್ಜಿ ತಿರಸ್ಕೃತವಾಯಿತು. ಮರುವರ್ಷ ಮಂಜೂರಾತಿ ಸಿಕ್ಕರೂ ಹಣ ಬಿಡುಗಡೆಯಾದದ್ದು ಜನವರಿ ಕೊನೆಗೆ. ಕೊಟೇಶನ್ ತರಿಸುವಷ್ಟರಲ್ಲಿ ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31 ಬಂದು, ಖರ್ಚಾಗದೆ ಉಳಿದ ನಲವತ್ತು ಸಾವಿರದಷ್ಟನ್ನು ಹಿಂದಿರುಗಿಸಬೇಕಾಯಿತು. ಮುಂದಿನ ಮಳೆಗಾಲದಲ್ಲಿ ಬಳ್ಳಾರಿ ಸೀಮೆಯ ಒಂದು ಮನೆಯ ಪೆಟ್ಟಿಗೆಯಲ್ಲಿದ್ದ ಹತ್ತಾರು ಗೊಂಬೆಗಳು ಬೂಷ್ಟು ಹಿಡಿದು ಹಾಳಾದವು. ಆ ಹಣ ಅಲ್ಲಿಗೆ ತಲುಪಬೇಕಿತ್ತು.

ಮೂರನೆಯ ಸಲ ಒಂದೂವರೆ ಲಕ್ಷವನ್ನಷ್ಟೇ ಕೇಳಿದೆ: ತೊಂಬತ್ತು ಸಾವಿರದಷ್ಟು ಕಲಾವಿದರಿಗೆ, ಮೂವತ್ತು ಸಾವಿರ ಪ್ರಯಾಣಕ್ಕೆ, ಉಳಿದದ್ದು ಛಾಯಾಗ್ರಹಣಕ್ಕೆ ಮತ್ತು ಎಂ.ಎ. ವಿದ್ಯಾರ್ಥಿಗಳ ಕಾರ್ಯಾಗಾರಕ್ಕೆ. ಕಲಾವಿದರ ಬಳಿ ಜಿಎಸ್‌ಟಿ ಬಿಲ್ಲು ಇರುವುದಿಲ್ಲವಾದ್ದರಿಂದ ದಿನವೊಂದರ ಗೌರವಧನ ಎಷ್ಟೆಂಬುದನ್ನು ಅರ್ಜಿಯಲ್ಲೇ ನಮೂದಿಸಿ ಮಂಜೂರು ಮಾಡಿಸಿಕೊಂಡೆ. ಹಣವನ್ನು ಬ್ಯಾಂಕ್ ಖಾತೆಗೇ ಜಮಾ ಮಾಡಿಸಿ, ಐದು ಸಾವಿರ ಮೀರಿದ ಪ್ರತಿ ರಸೀದಿಗೂ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ, ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿ, ಪಕ್ಕದಲ್ಲಿ ಇಬ್ಬರು ಸಾಕ್ಷಿಗಳಿಂದ ರುಜು ಪಡೆದೆ. ಮೂವರ ಖಾತೆಗಳು ನಿಷ್ಕ್ರಿಯವಾಗಿದ್ದವು. ಮಂಜೂರಾತಿಗೆ ಕಾಯದೆ ಅಕ್ಟೋಬರ್‌ನಲ್ಲೇ ಕೆವೈಸಿ (ಬ್ಯಾಂಕಿನ ಗುರುತು ದೃಢೀಕರಣ) ಮಾಡಿಸಿದ್ದರಿಂದ ಈ ಸಲ ಮಾರ್ಚ್ ಮೊದಲ ವಾರಕ್ಕೇ ಲೆಕ್ಕ ಮುಗಿಯಿತು.

ಛಾಯಾಗ್ರಹಣದ ಖರ್ಚು ಉಳಿಸಲೆಂದು ಮೊದಲು ವಿಭಾಗದ ಸ್ಕ್ಯಾನರ್ ಬಳಸಿ ನೋಡಿದ್ದೆವು. ತೊಗಲು ಸುರುಳಿಗೊಂಡು ಮುಚ್ಚಳಕ್ಕೆ ಒಗ್ಗಲಿಲ್ಲ, ಚಿತ್ರದಲ್ಲಿ ಬಣ್ಣಗಳು ಕಪ್ಪಾಗಿ ಕಂಡವು. ಹಿಂದಿನಿಂದ ಬೆಳಕು ಹಾಯದೆ ಈ ಗೊಂಬೆಗಳು ಕಣ್ಣಿಗೆ ತುಂಬುವುದಿಲ್ಲ. ಕೊನೆಗೆ ಹಾಲುಬಣ್ಣದ ಅಕ್ರಿಲಿಕ್ ಹಾಳೆಯ ಕೆಳಗೆ ಎಲ್‌ಇಡಿ ದೀಪಗಳನ್ನು ಜೋಡಿಸಿ, ಮೂರು ಸಾವಿರದೊಳಗೆ ಮೇಜು ಸಿದ್ಧಪಡಿಸಿ, ಇನ್ನೂರಕ್ಕೂ ಹೆಚ್ಚು ಗೊಂಬೆಗಳ ಚಿತ್ರ ತೆಗೆದೆವು. ಆ ಮೇಜಿನ ಮೇಲೆ ತೊಗಲುಗೊಂಬೆಯಾಟದ ಹಾಸ್ಯಪಾತ್ರವಾದ ಕಿಳ್ಳೇಕ್ಯಾತನ ಗೊಂಬೆಯನ್ನು ಹರಡಿದಾಗ ಮೊಣಕೈ ಬಳಿ ಉಗುರಿನಗಲದ ತೇಪೆಯೊಂದು, ಸುತ್ತಲಿನ ಹೊಲಿಗೆಯ ಸಣ್ಣ ರಂಧ್ರಗಳ ಸಮೇತ ಎದ್ದು ಕಾಣಿಸಿತು. "ಇದು ನಮ್ಮ ತಾತ ಹಾಕಿದ್ದು ಸಾರ್" ಎಂದರು ಕಲಾವಿದರು. ವಿದ್ಯಾರ್ಥಿನಿಯೊಬ್ಬಳು ತನ್ನ ಆಂತರಿಕ ಮೌಲ್ಯಮಾಪನದ ಪ್ರಬಂಧಕ್ಕೆ ಈಗ ಇಂಥ ತೇಪೆಗಳನ್ನೇ ವಿಷಯವಾಗಿ ಆರಿಸಿಕೊಂಡಿದ್ದಾಳೆ.