ಗಾಳಿಗೆ ಸುತಳಿ, ಆಣಿಕಲ್ಲಿಗೆ ಸೀರೆ: ನನ್ನ ನರ್ಸರಿಯ ಅನುಭವ

2025ರ ಮೇ ತಿಂಗಳನ್ನು ಪುಣೆ-ಸೋಲಾಪುರ ರಸ್ತೆಯ ನರ್ಸರಿಯವರು ಬೇಗ ಮರೆಯೋದಿಲ್ಲ. ಮಧ್ಯಾಹ್ನ ಕಾದ ಹಂಚು, ನಾಲ್ಕಕ್ಕೆ ಪೂರ್ವದಲ್ಲಿ ಮೋಡ, ಐದಕ್ಕೆ ಧೂಳು, ಆಮೇಲೆ ಮಳೆ. ಕೊನೆಗೆ ಮೇ 26ಕ್ಕೇ ಪುಣೆ, ಮುಂಬೈ ಎರಡಕ್ಕೂ ಮುಂಗಾರೇ ಬಂದುಬಿಟ್ಟಿತು. ಉರುಳಿ ಕಾಂಚನದ ಹತ್ತಿರ ನನ್ನದು ಆರು ಗುಂಟೆಯ ಶೇಡ್‌ನೆಟ್, ಅಂದರೆ ಪೈಪಿನ ಮೇಲೆ ನೆರಳಿನ ಬಲೆ ಕಟ್ಟಿದ ಚಪ್ಪರ. ಆ ತಿಂಗಳು ಒಂದು ಪೈಪೂ ಬಗ್ಗಲಿಲ್ಲ. ಒಂದೂವರೆ ಲಕ್ಷ ಸಸಿಯಲ್ಲಿ ಐದಾರು ಸಾವಿರ ಹೋಗಿರಬಹುದು, ಅಷ್ಟೇ. ಸುತಳಿ, ಸೀರೆ ಕಟ್ಟಿದ್ದಕ್ಕೆ ಎರಡು ವರ್ಷ ನನ್ನನ್ನು ನೋಡಿ ನಕ್ಕವರಿದ್ದಾರೆ. ಅದಕ್ಕೇ ಬರೀತಾ ಇದ್ದೇನೆ.

ಮೊದಲು ಸೋತ ಲೆಕ್ಕ. 2020ರ ಜೂನ್ 3, ನಿಸರ್ಗ ಚಂಡಮಾರುತ ಅಲಿಬಾಗ್ ಕಡೆ ದಡ ಹತ್ತಿದ ದಿನ. ಪುಣೆ ಜಿಲ್ಲೆಯ ಮಾವಳದ ಕಡೆ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್‌ಗಳೇ ಹೋದವು. ನಮ್ಮ ಕಡೆ ಗಾಳಿ ಅಷ್ಟಿರಲಿಲ್ಲ. ಆದರೆ ನಾನು ನೆಟ್ಟನ್ನು ಹಲಗೆಯ ಹಾಗೆ ಬಿಗಿದಿದ್ದೆ. ನೆಟ್ ಹರಿಯಲಿಲ್ಲ, ಪೈಪನ್ನೇ ಎಳೆದುಕೊಂಡು ಮಲಗಿತು. ಹದಿನಾಲ್ಕು ಪೈಪು, ಕೂಲಿ, ವೆಲ್ಡಿಂಗ್, ಎಲ್ಲಾ ಸೇರಿ ನಲವತ್ತು ಸಾವಿರದ ಮೇಲೆ. ಇನ್ನೂ ಗಟ್ಟಿಯಾಗಿ ಕಟ್ಟು ಅಂದರು. ಬುಡಕ್ಕೆ ಕಾಂಕ್ರೀಟ್ ಹಾಕಿಸಿದೆ, ದಪ್ಪ ನೈಲಾನ್ ಹಗ್ಗ ತಂದೆ. ಮುಂದಿನ ವರ್ಷದ ಗಾಳಿಗೆ ಪೈಪು ನಿಂತವು, ನೆಟ್ ನಡುವೆ ಸೀಳಿತು. ಮತ್ತೆ ಹದಿನೆಂಟು ಸಾವಿರ. ಗಟ್ಟಿ ಮಾಡಿದಷ್ಟೂ ಬಿಲ್ ದೊಡ್ಡದು.

ವಿಜಯಪುರ ಜಿಲ್ಲೆಯ ಇಂಡಿ ಹತ್ತಿರ ನಮ್ಮೂರಲ್ಲಿ ಅಪ್ಪ ಬಣವೆಗೆ ತಾಡಪತ್ರಿ ಹೊದಿಸುವಾಗ ಒಂದು ಕಡೆ ಮಾತ್ರ ಸುತಳಿ ಕಟ್ಟುತ್ತಿದ್ದ. ಯಾಕಪ್ಪ ಅಂದರೆ, "ಗಾಳಿ ಬಂದ್ರ ಹರೀಬೇಕಾದ್ದು ಎಂಟಾಣೆ ಸುತಳಿ, ತಾಡಪತ್ರಿ ಅಲ್ಲ" ಅಂತಿದ್ದ. ಈ ಮಾತು ನೆನಪಾಗೋದಕ್ಕೆ ನನಗೆ ಅರವತ್ತು ಸಾವಿರ ಖರ್ಚಾಯಿತು.

ಈಗ ನನ್ನ ನೆಟ್ಟಿನ ಪೂರ್ವದ ಅಂಚು ಪೂರ್ತಿ ಒಂಟಿ ಎಳೆ ಸೆಣಬಿನ ಸುತಳಿ. ಪಶ್ಚಿಮಕ್ಕೆ ನೈಲಾನ್. ನಮ್ಮ ಜಾಗದಲ್ಲಿ ಮೇ ಗಾಳಿ ಹೆಚ್ಚಾಗಿ ಪೂರ್ವದಿಂದಲೇ ನುಗ್ಗುತ್ತದೆ. ನಿಮ್ಮಲ್ಲಿ ಎಲ್ಲಿಂದ ಬರುತ್ತೆ, ನೀವೇ ನೋಡಿಕೊಳ್ಳಿ. ಗಾಳಿ ಜಾಸ್ತಿಯಾದರೆ ಸುತಳಿ ಪಟಪಟ ಹರಿದು ನೆಟ್ ಆಚೆ ಜೋತುಬೀಳುತ್ತದೆ. ಮಳೆ ನಿಂತ ಮೇಲೆ ಇಬ್ಬರು ಮುಕ್ಕಾಲು ಗಂಟೆಯಲ್ಲಿ ಮತ್ತೆ ಕಟ್ಟುತ್ತಾರೆ. ಒಂದು ಸೀಸನ್‌ಗೆ ಎರಡು ಕಿಲೋ ಸುತಳಿ ಸಾಕು. ಬಿಸಿಲಿಗೆ ಸುತಳಿ ಸುಟ್ಟು ಪುಡಿಯಾಗುತ್ತದೆ, ಹಾಗಾಗಿ ಮಾರ್ಚ್‌ನಲ್ಲಿ ಹೊಸದು ಕಟ್ಟಿ. ಎಷ್ಟು ಅಡಿಗೊಂದು ಗಂಟು, ಯಾವ ಗಂಟು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಬಂದರೆ ತೋರಿಸ್ತೀನಿ, ಚಹಾ ನನ್ನದು.

ಮೊದಲ ಸಲ ನಾಲ್ಕೂ ಕಡೆ ಸುತಳಿ ಕಟ್ಟಿದ್ದೆ, ದಡ್ಡತನ. ಇಡೀ ನೆಟ್ ಎದ್ದು ಪಕ್ಕದ ಕಬ್ಬಿನ ಗದ್ದೆಗೆ ಹೋಗಿ ಕೂತಿತು. ಕಬ್ಬಿನ ಗರಿಯಿಂದ ನೆಟ್ ಬಿಡಿಸುವ ಕೆಲಸ ಶತ್ರುವಿಗೂ ಬೇಡ.

ಸರಿ, ಪೈಪು ಉಳೀತು. ಆದರೆ ನೆಟ್ ತೆರೆದುಕೊಂಡರೆ ಮಳೆ ನೇರ ಸಸಿಯ ಟ್ರೇ ಮೇಲೆ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅಂತಾರೆ. ನರ್ಸರಿಯವನಿಗೆ ಅದೇ ಭರಣಿ ಮಳೆ ಕಾಟ. ದಪ್ಪ ಹನಿಗೆ ಟ್ರೇಯಲ್ಲಿರುವ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಎಗರುತ್ತದೆ, ಎಂಟು ದಿನದ ಟೊಮ್ಯಾಟೊ ಸಸಿ ಬೇರು ತೋರಿಸಿ ಮಲಗುತ್ತದೆ, ಮೂರನೇ ದಿನಕ್ಕೆ ಬುಡ ಕೊಳೆ. ಆಣಿಕಲ್ಲು ಬಿದ್ದರಂತೂ ಕೇಳಲೇಬೇಡಿ. ಒಂದು ಏಪ್ರಿಲ್‌ನಲ್ಲಿ ಹತ್ತು ನಿಮಿಷದ ಆಣಿಕಲ್ಲಿಗೆ ಅರವತ್ತು ಸಾವಿರ ಸಸಿ ಹೋಯಿತು. ಸಸಿಗೆ ಒಂದು ರೂಪಾಯಿ ಹತ್ತು ಪೈಸೆಯ ಆರ್ಡರ್ ಅದು. ಅಡ್ವಾನ್ಸ್ ವಾಪಸ್ ಕೊಟ್ಟೆ.

ಸೋಲಾಪುರ, ವಿಜಯಪುರದ ದಾಳಿಂಬೆ ತೋಟಗಳಲ್ಲಿ ಬಿಸಿಲಿಗೆ ಹಳೆ ಸೀರೆ ಹೊದಿಸೋದನ್ನು ನೀವೂ ನೋಡಿರ್ತೀರಿ. ಅದನ್ನೇ ಟ್ರೇ ಮೇಲೆ ಯಾಕೆ ಹಾಕಬಾರದು ಅನ್ನಿಸಿತು. ಮನೆಯಲ್ಲಿದ್ದ ಹಳೆ ಕಾಟನ್ ಸೀರೆಗಳನ್ನೇ ಮೊದಲು ತಂದೆ. ಕಾಟನ್ ನೀರು ಕುಡೀತು, ಜೋತಿತು, ಸಸಿ ಮೇಲೆ ಒದ್ದೆ ಕಂಬಳಿಯ ಹಾಗೆ ಕೂತಿತು. ನಮ್ಮಲ್ಲಿ ಕೆಲಸ ಮಾಡುವ ಅಫಜಲಪುರದ ಅಕ್ಕ ಬೆಳಿಗ್ಗೆ ಫೋನ್ ಮಾಡಿ, "ಅಣ್ಣಾರ, ಸೀರಿ ಭಾರ ಆಗಿ ಸಸಿ ಎಲ್ಲಾ ಮಲಗ್ಯಾವ" ಅಂದರು. ನಲವತ್ತು ಟ್ರೇ ಕಸಕ್ಕೆ. ಮನೆಯಲ್ಲಿ ಬೇರೆ ಬೈಗುಳ, ಅದರಲ್ಲಿ ತವರಿನ ಇಳಕಲ್ ಸೀರೆಯೂ ಒಂದಿತ್ತು.

ಪಾಲಿಯೆಸ್ಟರೇ ಬೇಕು. ನೀರು ಹಿಡಿಯೋದಿಲ್ಲ, ಹನಿ ಒಡೆದು ತುಂತುರಾಗಿ ಕೆಳಗಿಳಿಯುತ್ತದೆ. ಪುಣೆಯ ಹಳೆ ಸಾಮಾನಿನ ಸಂತೆ ಜೂನಾ ಬಾಜಾರ್ ಬುಧವಾರ, ಭಾನುವಾರ ಇರುತ್ತದಲ್ಲ, ಅಲ್ಲಿ ಗಂಟುಗಟ್ಟಲೆ ಕೊಂಡರೆ ಒಂದಕ್ಕೆ ಮೂವತ್ತರ ಹತ್ತಿರ ಬಿತ್ತು. ತೊಂಬತ್ತು ತಂದೆ. ಎರಡೆರಡನ್ನು ಉದ್ದಕ್ಕೆ ಜೋಡಿಸಿ ಹೊಲಿಸಿದರೆ ಒಂದು ಜೋಡಿ ಸುಮಾರು ನಲವತ್ತು ಟ್ರೇ ಮುಚ್ಚುತ್ತದೆ. ಕೆಳಗೆ ದಪ್ಪ ತಂತಿಯ ಕಮಾನು, ಮೊಳದ ಎತ್ತರ. ಸಪಾಟಾಗಿ ಹಾಸಬೇಡಿ, ಆಣಿಕಲ್ಲು ಮೇಲೇ ನಿಂತುಬಿಡುತ್ತದೆ. ಕಮಾನಿದ್ದರೆ ಉರುಳಿ ದಾರಿಗೆ ಬೀಳುತ್ತದೆ. ತಂತಿ, ಹೊಲಿಗೆ, ಆಮೇಲೆ ಹಾಕಿಸಿದ ರಿಂಗು ಎಲ್ಲಾ ಸೇರಿ ಹನ್ನೆರಡು ಸಾವಿರದೊಳಗೆ ಮುಗೀತು.

ಪಕ್ಕದ ನರ್ಸರಿಯವನು ಬೇಲಿ ಆಚೆಯಿಂದ, "ಕಾಯ್ ಅಣ್ಣಾ, ಸಾಡ್ಯಾಂಚಂ ದುಕಾನ್ ಟಾಕಲಂ ಕಾ?" ಅಂದ. ಸೀರೆ ಅಂಗಡಿ ಹಾಕಿದೆಯಾ ಅಂತ. ಕೆಂಪು, ಹಳದಿ, ಹೂವಿನ ಪ್ರಿಂಟು, ನೋಡೋಕೆ ಹಾಗೇ ಇತ್ತು ಬಿಡಿ.

ಮೊದಲ ಮೇನಲ್ಲಿ ಇನ್ನೊಂದು ಪೆಟ್ಟು. ಮಳೆ ಭಯಕ್ಕೆ ಸೀರೆ ಹಗಲೂ ಬಿಟ್ಟೆ. ಐದೇ ದಿನಕ್ಕೆ ಸಸಿ ಬೆಳಕಿಗೆ ಎಳೆದುಕೊಂಡು ದಾರದ ಹಾಗಾದವು. ಗಿರಾಕಿ ಮುಟ್ಟಿ ನೋಡಿ ಹೊರಟುಹೋದ. ಆಮೇಲೆ ಅಂಚಿಗೆ ಪರದೆಯ ರಿಂಗು ಹೊಲಿಸಿ ಎರಡೂ ಕಡೆ ತಂತಿಗೆ ಪೋಣಿಸಿದೆ. ಈಗ ಒಬ್ಬ ಅಕ್ಕ ಒಂದು ಬೆಡ್ ಅನ್ನು, ಅಂದರೆ ಟ್ರೇಗಳ ಒಂದು ಸಾಲನ್ನು, ಅರ್ಧ ನಿಮಿಷದಲ್ಲಿ ಎಳೆದು ಮುಚ್ಚುತ್ತಾರೆ. ಮಧ್ಯಾಹ್ನ ಮೂರರಿಂದ ನಾನು ದಾಮಿನಿ ಆ್ಯಪ್ ನೋಡ್ತಾ ಇರ್ತೀನಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಮಾಡಿದ್ದು, ಸಿಡಿಲು ಎಷ್ಟು ಹತ್ತಿರ ಬಂತು ಅಂತ ತೋರಿಸುತ್ತದೆ. ಅದರ ಜೊತೆ ಇನ್ನೊಂದು ಗುರುತು ಇದೆ ನನ್ನದು, ಹಕ್ಕಿಗಳದ್ದು. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸಿಡಿಲು ಹತ್ತಿರ ಬಂದರೆ ಮಾತ್ರ ಸೀರೆ ಗೀರೆ ಅಂತ ನೋಡಬೇಡಿ, ಎಲ್ಲರನ್ನೂ ಪೈಪು, ತಂತಿಯಿಂದ ದೂರ, ಗೋಡೆಯೊಳಗೆ ಕಳಿಸಿ.

ಸುಮ್ನೆ ಒಂದು ಪ್ರಯೋಗ ಚಳಿಗಾಲದಲ್ಲೂ ಮಾಡಿದೆ. ಡಿಸೆಂಬರ್ ರಾತ್ರಿ ಕ್ಯಾಪ್ಸಿಕಂ ಸಸಿ ಮೇಲೆ ಸೀರೆ ಎಳೆದೆ. ಮುಚ್ಚದ ಬೆಡ್‌ಗಿಂತ ಮೂರ್ನಾಲ್ಕು ದಿನ ಮೊದಲೇ ಮಾರಾಟಕ್ಕೆ ಬಂದವು. ಮಹಾಬಳೇಶ್ವರದ ವೆಣ್ಣಾ ಕೆರೆ ಕಡೆ ಕೆಲವು ಬೆಳಗ್ಗೆ ಇಬ್ಬನಿಯೇ ಗಟ್ಟಿಯಾಗುತ್ತದೆ. ಅಲ್ಲಿ ಸ್ಟ್ರಾಬೆರಿ ಬೆಳೆಯುವ ಪರಿಚಯದವರಿಗೆ ಹತ್ತು ಸೀರೆ ಕೊಟ್ಟಿದ್ದೆ. ಮುಚ್ಚಿದ ಸಾಲಿನ ಎಲೆ ಸುಡಲಿಲ್ಲ ಅಂದರು. ಒಂದೇ ವರ್ಷದ ಮಾತು, ನಂಬಿ ಎಕರೆಗಟ್ಟಲೆ ಹಾಕಬೇಡಿ.

ಸೀರೆ ಎರಡು ಬೇಸಿಗೆ ಬರುತ್ತದೆ, ಮೂರನೇದಕ್ಕೆ ಬಿಸಿಲಿಗೆ ಸಡಿಲಾಗಿ ಕೈಗೇ ಹರಿಯುತ್ತದೆ. ಜೂನ್ ಕೊನೆಗೆ ತೆಗೆದು, ಒಣಗಿಸಿ, ಮೂಟೆ ಕಟ್ಟಿ ಸೂರಿಗೆ ನೇತುಹಾಕಿ. ಹೋದ ವರ್ಷ ನೆಲದ ಮೇಲೆ ಇಟ್ಟಿದ್ದೆ. ಇಲಿ ಮರಿ ಹಾಕಿ ಇಪ್ಪತ್ತೆರಡು ಸೀರೆ ತೂತು ಮಾಡಿತ್ತು.