ಕೋಶ ಮತ್ತು ಅಣು ಜೀವವಿಜ್ಞಾನ: ಪದವಿ ವಿದ್ಯಾರ್ಥಿ ಓದಬೇಕಾದ ಕ್ರಮ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕಾಲೇಜುಗಳಲ್ಲಿ ಬಿಎಸ್ಸಿಗೆ ಜೈವಿಕ ತಂತ್ರಜ್ಞಾನವನ್ನೋ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನೋ ಆಯ್ದುಕೊಂಡವರಿಗೆ ಕೋಶ ಜೀವವಿಜ್ಞಾನ ಮತ್ತು ಅಣು ಜೀವವಿಜ್ಞಾನದ ಪತ್ರಿಕೆಗಳು ಮೊದಮೊದಲು ಹೆಸರುಗಳ ರಾಶಿಯಾಗಿಯೇ ಎದುರಾಗುತ್ತವೆ. ಹೆಲಿಕೇಸ್, ಪ್ರೈಮೇಸ್, ಲೈಗೇಸ್, ಟೋಪೋಐಸೋಮರೇಸ್ ಎಂದು ಡಿಎನ್‌ಎ ನಕಲಿನ ಕಿಣ್ವಗಳ ಹೆಸರುಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದದ್ದು ಮುಂದಿನ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಮರೆತುಹೋಗಿರುತ್ತದೆ. ಅಷ್ಟರಲ್ಲಿ ಅದರ ಮೇಲೆ ಕಟ್ಟಬೇಕಾದ ಮುಂದಿನ ಪಾಠ ಬಂದಿರುತ್ತದೆ. ಪುಸ್ತಕದಲ್ಲಿ ಸಿದ್ಧಸತ್ಯದಂತೆ ಅಚ್ಚಾಗಿರುವ ಪ್ರತಿಯೊಂದು ವಾಕ್ಯದ ಹಿಂದೆಯೂ ಯಾರೋ ಮಾಡಿದ ಪ್ರಯೋಗವೊಂದಿದೆ, ಆ ಪ್ರಯೋಗವನ್ನು ಹುಡುಕಿಕೊಂಡು ಓದಿದರೆ ಹೆಸರುಗಳು ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ ಎಂಬುದು ಈ ಬರಹದ ನಿಲುವು.

ಮೊದಲ ಕೆಲಸ ರಸಾಯನಶಾಸ್ತ್ರವನ್ನು ಸರಿಪಡಿಸಿಕೊಳ್ಳುವುದು. ಗಣಿತ, ರಸಾಯನಶಾಸ್ತ್ರಗಳಿಂದ ತಪ್ಪಿಸಿಕೊಳ್ಳಲೆಂದೇ ಜೀವಶಾಸ್ತ್ರಕ್ಕೆ ಬಂದವರು ನಮ್ಮಲ್ಲಿ ಕಡಿಮೆಯಿಲ್ಲ; ಅಂಥವರು ಈ ಪತ್ರಿಕೆಯಲ್ಲಿ ಮೊದಲ ತಿಂಗಳಲ್ಲೇ ತಡವರಿಸುತ್ತಾರೆ. ಆದರೆ ಬೇಕಾದ ರಸಾಯನಶಾಸ್ತ್ರ ಬಹಳವೇನಲ್ಲ: ವಿದ್ಯುದಾವೇಶ, ಹೈಡ್ರೋಜನ್ ಬಂಧ, ಪಿಎಚ್, ನೀರಿಗೆ ಒಗ್ಗುವ ಮತ್ತು ಒಗ್ಗದ ಅಣುಗಳ ಸ್ವಭಾವ ಇಷ್ಟು ಗಟ್ಟಿಯಾದರೆ ಅರ್ಧ ದಾರಿ ಸವೆದಂತೆ. ಡಿಎನ್‌ಎಯ ಬೆನ್ನೆಲುಬಿನ ಫಾಸ್ಫೇಟ್ ಗುಂಪುಗಳಿಗೆ ಋಣಾವೇಶವಿದೆ ಎಂಬ ಒಂದೇ ಮಾತನ್ನು ತೆಗೆದುಕೊಳ್ಳಿ. ಜೆಲ್‌ನಲ್ಲಿ ಡಿಎನ್‌ಎ ಧನ ಧ್ರುವದ ಕಡೆಗೆ ಏಕೆ ಓಡುತ್ತದೆ, ಧನಾವೇಶದ ಲೈಸೀನ್ ಮತ್ತು ಆರ್ಜಿನೀನ್ ಅಮೈನೋ ಆಮ್ಲಗಳು ಹೇರಳವಾಗಿರುವ ಹಿಸ್ಟೋನ್‌ಗಳಿಗೆ ಅದು ಏಕೆ ಸುತ್ತಿಕೊಳ್ಳುತ್ತದೆ, ಪಾಲಿಮರೇಸ್ ಕಿಣ್ವಕ್ಕೆ ಮೆಗ್ನೀಸಿಯಂ ಅಯಾನು ಏಕೆ ಬೇಕು ಎಂಬ ಮೂರು ಬೇರೆ ಬೇರೆ ಅಧ್ಯಾಯಗಳ ಪ್ರಶ್ನೆಗಳಿಗೆ ಉತ್ತರ ಅಲ್ಲಿಂದಲೇ ಹೊರಡುತ್ತದೆ.

ಇನ್ನು ಪ್ರಯೋಗವನ್ನು ಓದುವ ಬಗೆ. ಡಿಎನ್‌ಎ ಅರೆಸಂರಕ್ಷಕ ರೀತಿಯಲ್ಲಿ ನಕಲಾಗುತ್ತದೆ ಎಂಬ ಸಾಲು ಎಲ್ಲರ ನೋಟ್ಸ್‌ನಲ್ಲೂ ಇರುತ್ತದೆ. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಅದನ್ನು ತೋರಿಸಿದ ಪ್ರಯೋಗವನ್ನು ಓದುವಾಗ ಫಲಿತಾಂಶದ ಚಿತ್ರವನ್ನು ಕೈಯಿಂದ ಮುಚ್ಚಿ, ಕ್ರಮವನ್ನು ಮಾತ್ರ ಓದಿ. ಇ. ಕೊಲೈ ಬ್ಯಾಕ್ಟೀರಿಯಾವನ್ನು ಅನೇಕ ಪೀಳಿಗೆಗಳವರೆಗೆ ಭಾರವಾದ ನೈಟ್ರೋಜನ್-15 ಇರುವ ಮಾಧ್ಯಮದಲ್ಲಿ ಬೆಳೆಸಿ, ನಂತರ ಸಾಮಾನ್ಯ ನೈಟ್ರೋಜನ್-14 ಇರುವ ಮಾಧ್ಯಮಕ್ಕೆ ವರ್ಗಾಯಿಸಿ, ಪ್ರತಿ ಪೀಳಿಗೆಯ ಡಿಎನ್‌ಎಯನ್ನು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅತಿವೇಗವಾಗಿ ತಿರುಗಿಸಿ ಸಾಂದ್ರತೆಗೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸಲಾಯಿತು. ಈಗ ಹಳೆಯ ಎರಡೆಳೆಗಳು ಒಟ್ಟಿಗೇ ಉಳಿಯುತ್ತವೆ, ಒಂದೊಂದು ಹಳೆಯ ಎಳೆಗೆ ಒಂದೊಂದು ಹೊಸ ಎಳೆ ಜೋಡಿಯಾಗುತ್ತದೆ, ಹಳತು ಹೊಸತು ತುಂಡುತುಂಡಾಗಿ ಬೆರೆಯುತ್ತವೆ ಎಂಬ ಮೂರೂ ಊಹೆಗಳಿಗೆ ಮೊದಲ ಮತ್ತು ಎರಡನೇ ಪೀಳಿಗೆಯಲ್ಲಿ ಎಲ್ಲೆಲ್ಲಿ ಪಟ್ಟಿ ಬರಬೇಕು ಎಂದು ನೀವೇ ಬರೆಯಿರಿ. ಮೊದಲ ಪೀಳಿಗೆಯಲ್ಲಿ ಕಂಡದ್ದು ನಡುವಣ ಒಂದೇ ಪಟ್ಟಿ. ಆದ್ದರಿಂದ ಮೊದಲ ಊಹೆ ಬಿದ್ದುಹೋಯಿತು, ಆದರೆ ಮೂರನೆಯದು ಬೀಳಲಿಲ್ಲ. ಎರಡನೇ ಪೀಳಿಗೆಯಲ್ಲಿ ನಡುವಣ ಪಟ್ಟಿಯ ಜೊತೆಗೆ ಹಗುರ ಪಟ್ಟಿಯೊಂದು ಸಮಪ್ರಮಾಣದಲ್ಲಿ ಮೂಡಿದಾಗಲೇ ಮೂರನೆಯದೂ ಬಿತ್ತು; ಉಳಿದದ್ದು ಎರಡನೆಯದು, ಅದೇ ಅರೆಸಂರಕ್ಷಕ ರೀತಿ. ಎರಡನೇ ಪೀಳಿಗೆಯವರೆಗೆ ಏಕೆ ಕಾಯಬೇಕಾಯಿತು ಎಂಬುದು ಅರ್ಥವಾದವರಿಗೆ ಈ ಪ್ರಯೋಗ ಮರೆಯುವುದಿಲ್ಲ. ಮೂರನೇ ಪೀಳಿಗೆಯಲ್ಲಿ ಎರಡು ಪಟ್ಟಿಗಳ ಪ್ರಮಾಣ ಎಷ್ಟಿರುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದರೂ ಕಾಲು ಭಾಗ ನಡುವಣದು, ಮುಕ್ಕಾಲು ಭಾಗ ಹಗುರ ಎಂದು ಅಲ್ಲೇ ಲೆಕ್ಕ ಹಾಕಿ ಬರೆಯಬಹುದು.

ಲೆಕ್ಕದ ಮಾತು ಬಂದದ್ದರಿಂದ ಇನ್ನೊಂದು ಅಭ್ಯಾಸವನ್ನು ಇಲ್ಲಿಯೇ ಹೇಳಬೇಕು. ಯಾವುದೇ ಪಾಠದಲ್ಲಿ ಅಂಕಿಗಳು ಸಿಕ್ಕರೆ ಅವನ್ನು ಒಂದಕ್ಕೊಂದು ತಾಳೆ ನೋಡಿ. ಇ. ಕೊಲೈಯ ವರ್ತುಲಾಕಾರದ ವರ್ಣತಂತುವಿನಲ್ಲಿ ಸುಮಾರು 46 ಲಕ್ಷ ಪ್ರತ್ಯಾಮ್ಲ ಜೋಡಿಗಳಿವೆ; ನಕಲು ಒಂದೇ ಬಿಂದುವಿನಲ್ಲಿ ಶುರುವಾಗಿ ಎರಡೂ ದಿಕ್ಕಿಗೆ ಸಾಗುತ್ತದೆ; ಎರಡು ದಿಕ್ಕಿಗೆ ನಕಲು ಮಾಡುತ್ತ ಸಾಗುವ ಎರಡು ಕವಲುಗಳಲ್ಲಿ ಪ್ರತಿಯೊಂದರ ವೇಗ ಸೆಕೆಂಡಿಗೆ ಸುಮಾರು 1000 ಜೋಡಿ. ಹಾಗಾದರೆ ಒಂದು ಪೂರ್ತಿ ನಕಲಿಗೆ 2300 ಸೆಕೆಂಡು, ಎಂದರೆ 40 ನಿಮಿಷಕ್ಕೆ ಹತ್ತಿರ. ಆದರೆ ಒಳ್ಳೆಯ ಪೋಷಣೆ ಸಿಕ್ಕಾಗ ಈ ಜೀವಕೋಶ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ ಎಂದು ಅದೇ ಪುಸ್ತಕದ ಇನ್ನೊಂದು ಪುಟ ಹೇಳುತ್ತದೆ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಮೊದಲ ಸುತ್ತಿನ ನಕಲು ಮುಗಿಯುವ ಮೊದಲೇ ಮುಂದಿನ ಸುತ್ತು ಆರಂಭವಾಗಿರುತ್ತದೆ. ಹುಟ್ಟುವ ಕೋಶಕ್ಕೆ ಸಿಗುವ ವರ್ಣತಂತು ಆಗಲೇ ಅರ್ಧ ನಕಲಾಗಿರುತ್ತದೆ. ಹೀಗೆ ಅಂಕಿಗಳ ನಡುವೆ ಜಗಳ ಹಚ್ಚಿದಾಗ ಹೊರಬರುವ ತಿಳಿವಳಿಕೆ ಎಷ್ಟು ಅಂಡರ್‌ಲೈನ್ ಮಾಡಿದರೂ ಸಿಗದು.

ಪಾಠಗಳು ಬಿಡಿಬಿಡಿಯಾಗಿ ತೋರುವುದು ಎರಡನೇ ತೊಡಕು. ಇದಕ್ಕೆ ನಮ್ಮ ಭಾಗದ ವಿದ್ಯಾರ್ಥಿಗಳ ಕೈಯಳತೆಯಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವ ಮನೆಗಳಿಂದ ಬಂದವರಿಗೆ ಗರಿಗಳು ಅಂಚಿನಿಂದ ಹಳದಿಯಾಗಿ ಒಣಗುತ್ತ ಬರುವ ದುಂಡಾಣು ಎಲೆ ಅಂಗಮಾರಿ ಗೊತ್ತಿರುತ್ತದೆ. ಇದನ್ನು ತರುವುದು ಕ್ಸಾಂಥೋಮೊನಾಸ್ ಒರೈಜೆ ಎಂಬ ಬ್ಯಾಕ್ಟೀರಿಯಾ. ಅಕ್ಕಿಯ ಗುಣಕ್ಕೆ ಹೆಸರಾದ ಬಿಪಿಟಿ 5204, ಅರ್ಥಾತ್ ಸಾಂಬಾ ಮಸೂರಿ ತಳಿ ಈ ರೋಗಕ್ಕೆ ಬೇಗ ತುತ್ತಾಗುತ್ತದೆ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ, ಅಂದರೆ ಸಿಸಿಎಂಬಿ, ಅಲ್ಲಿನ ಭತ್ತ ಸಂಶೋಧನಾ ನಿರ್ದೇಶನಾಲಯದ ಜೊತೆಗೂಡಿ ಅದೇ ತಳಿಗೆ ಎಕ್ಸ್‌ಎ21, ಎಕ್ಸ್‌ಎ13, ಎಕ್ಸ್‌ಎ5 ಎಂಬ ಮೂರು ನಿರೋಧಕ ವಂಶವಾಹಿಗಳನ್ನು ಸೇರಿಸಿ ಸುಧಾರಿತ ಸಾಂಬಾ ಮಸೂರಿಯನ್ನು ರೂಪಿಸಿತು. ಅದು 2008ರಲ್ಲಿ ಬಿಡುಗಡೆಯಾಯಿತು. ಇದು ಕುಲಾಂತರಿ ತಳಿಯಲ್ಲ, ಡಿಎನ್‌ಎ ಗುರುತುಗಳ ನೆರವಿನಿಂದ ಆಯ್ದು, ಮರಳಿ ಮರಳಿ ಸಂಕರಿಸಿ ಪಡೆದದ್ದು.

ಈ ಮೂರು ವಂಶವಾಹಿಗಳನ್ನು ಬಿಡಿಸಿ ನೋಡಿದರೆ ಅರ್ಧ ಪಠ್ಯಕ್ರಮವೇ ಅಲ್ಲಿ ಸಿಗುತ್ತದೆ. ಕಾಡುಭತ್ತದಿಂದ ಬಂದ ಎಕ್ಸ್‌ಎ21 ಕೋಶಪೊರೆಯಲ್ಲಿ ನೆಲೆಸುವ ಗ್ರಾಹಕ ಪ್ರೋಟೀನನ್ನು ಕೊಡುತ್ತದೆ. ಅದರ ಹೊರಭಾಗ ಬ್ಯಾಕ್ಟೀರಿಯಾದ ಅಣುವನ್ನು ಗುರುತಿಸುತ್ತದೆ, ಒಳಭಾಗದ ಕೈನೇಸ್ ಫಾಸ್ಫೇಟ್ ಜೋಡಿಸಿ ಸಂಕೇತವನ್ನು ಮುಂದೆ ದಾಟಿಸುತ್ತದೆ. ಇದು ಕೋಶಪೊರೆ ಮತ್ತು ಸಂಕೇತ ರವಾನೆಯ ಪಾಠ. ಎಕ್ಸ್‌ಎ13ರ ಕಥೆ ಬೇರೆ: ಬ್ಯಾಕ್ಟೀರಿಯಾ ತನ್ನ ಪ್ರೋಟೀನೊಂದನ್ನು ಸಸ್ಯಕೋಶದೊಳಗೆ ಚುಚ್ಚಿ, ಸಕ್ಕರೆಯನ್ನು ಹೊರಸಾಗಿಸುವ ಪ್ರೋಟೀನಿನ ವಂಶವಾಹಿಯ ಪ್ರಮೋಟರಿಗೆ, ಎಂದರೆ ಅದನ್ನು ಚಾಲೂ ಮಾಡುವ ಡಿಎನ್‌ಎ ಭಾಗಕ್ಕೆ, ಆ ಪ್ರೋಟೀನನ್ನು ಅಂಟಿಸಿ, ಆ ವಂಶವಾಹಿ ಹೆಚ್ಚು ಕೆಲಸ ಮಾಡುವಂತೆ ಮಾಡುತ್ತದೆ, ನಿರೋಧಕ ರೂಪದಲ್ಲಿ ಪ್ರಮೋಟರಿನ ಕ್ರಮವೇ ಬದಲಾಗಿರುವುದರಿಂದ ಅದು ಅಂಟಲಾರದು. ಎಕ್ಸ್‌ಎ5 ಲಿಪ್ಯಂತರಣಕ್ಕೆ, ಎಂದರೆ ಡಿಎನ್‌ಎಯಿಂದ ಆರ್‌ಎನ್‌ಎ ತಯಾರಾಗುವುದಕ್ಕೆ, ಬೇಕಾದ ಸಾಮಾನ್ಯ ಪ್ರೋಟೀನ್ ಸಂಕೀರ್ಣದ ಒಂದು ಘಟಕಕ್ಕೆ ಸೇರಿದ್ದು. ಅದರಲ್ಲಿನ ಒಂದು ಅಮೈನೋ ಆಮ್ಲ ಬದಲಾದಾಗ ಬ್ಯಾಕ್ಟೀರಿಯಾದ ಪ್ರೋಟೀನಿಗೆ ಹಿಡಿತ ತಪ್ಪುತ್ತದೆ. ಎಕ್ಸ್‌ಎ21 ಪ್ರಬಲ, ಉಳಿದೆರಡು ಅಪ್ರಬಲ ಏಕೆ ಎಂದು ಈಗ ನೀವೇ ಯೋಚಿಸಿ. ಎಚ್ಚರಿಸುವ ಗ್ರಾಹಕದ ಒಂದು ಪ್ರತಿ ಇದ್ದರೂ ಎಚ್ಚರಿಕೆ ಸಿಗುತ್ತದೆ; ಆದರೆ ಬ್ಯಾಕ್ಟೀರಿಯಾಕ್ಕೆ ಒಗ್ಗುವ ಪ್ರಮೋಟರಿನ ಒಂದು ಪ್ರತಿ ಉಳಿದರೂ ಅದಕ್ಕೆ ಸಕ್ಕರೆ ಸಿಗುತ್ತದೆ, ಆದ್ದರಿಂದ ಎರಡೂ ಪ್ರತಿಗಳು ಬದಲಾಗಿರಬೇಕು. ಒಂದೇ ಅಪ್ರಬಲ ಪ್ರತಿ ಹೊತ್ತ ಸಸಿಯನ್ನು ಗದ್ದೆಯಲ್ಲಿ ಕಣ್ಣಿನಿಂದ ಗುರುತಿಸಲಾಗದು. ಡಿಎನ್‌ಎ ಗುರುತು ಬೇಕಾಗುವುದು ಅಲ್ಲಿಯೇ. ಮೆಂಡೆಲ್‌ನ ಪಾಠವೂ ಪ್ರಮೋಟರಿನ ಪಾಠವೂ ಹೀಗೆ ಒಂದೇ ಗರಿಯ ಮೇಲೆ ಕೂಡುತ್ತವೆ.

ಚಿತ್ರ ಬರೆಯುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪುಸ್ತಕ ನೋಡದೆ ಖಾಲಿ ಹಾಳೆಯಲ್ಲಿ ಬರೆಯಿರಿ, ಎಳೆಗಳ ಐದು-ಪ್ರೈಮ್ ಮತ್ತು ಮೂರು-ಪ್ರೈಮ್ ತುದಿಗಳನ್ನು ಪ್ರತಿ ಸಲವೂ ಗುರುತಿಸಿ; ದಿಕ್ಕು ತಪ್ಪಿದ ಚಿತ್ರಕ್ಕೆ ಎಷ್ಟೇ ಬಣ್ಣ ತುಂಬಿದರೂ ಅದು ತಪ್ಪೇ.

ಪ್ರಾಕ್ಟಿಕಲ್ ತರಗತಿಗೆ ಬರೋಣ. ಸೀನಿಯರ್‌ಗಳ ಹಳೆಯ ರೆಕಾರ್ಡ್ ಪುಸ್ತಕವನ್ನು ಸಾಲುಸಾಲಾಗಿ ಇಳಿಸಿಕೊಳ್ಳುವ ರೂಢಿ ಎಲ್ಲೆಡೆ ಇದೆ, ಮತ್ತು ಈ ವಿಷಯಕ್ಕೆ ಅದಕ್ಕಿಂತ ಹಾನಿಕರವಾದದ್ದು ಇನ್ನೊಂದಿಲ್ಲ. ಪ್ರಯೋಗದ ಹಿಂದಿನ ದಿನವೇ ದ್ರಾವಣಗಳ ಲೆಕ್ಕವನ್ನು ಮನೆಯಲ್ಲಿ ಮುಗಿಸಿಕೊಂಡು ಹೋಗಿ. ವಿದ್ಯುತ್ ಹಾಯಿಸಿ ಜೆಲ್‌ನಲ್ಲಿ ಡಿಎನ್‌ಎ ಓಡಿಸುವ ಪ್ರಯೋಗವನ್ನೇ ತೆಗೆದುಕೊಳ್ಳಿ: ಐವತ್ತು ಪಟ್ಟು ಸಾರವುಳ್ಳ ಟಿಎಇ ಬಫರಿನಿಂದ ಒಂದು ಪಟ್ಟಿನ 500 ಮಿಲಿಲೀಟರ್ ಬೇಕಾದರೆ 10 ಮಿಲಿಲೀಟರ್ ಬಫರಿಗೆ 490 ಮಿಲಿಲೀಟರ್ ನೀರು, ಶೇಕಡಾ ಒಂದರ 50 ಮಿಲಿಲೀಟರ್ ಜೆಲ್‌ಗೆ ಅರ್ಧ ಗ್ರಾಂ ಅಗರೋಸ್. ಅಗರೋಸ್ ಪೂರ್ತಿ ಕರಗಿ ಗಾಜಿನಷ್ಟು ತಿಳಿಯಾಗುವವರೆಗೆ ಕುದಿಸಿ, ಪಾತ್ರೆಯನ್ನು ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ತಟ್ಟೆಗೆ ಸುರಿಯಬೇಕು. ಜೆಲ್ ಗಟ್ಟಿಯಾದ ಮೇಲೆ ಮಾದರಿ ತುಂಬುವ ಗುಳಿಗಳನ್ನು ಮೂಡಿಸುವ ಕೋಂಬನ್ನು ಅವಸರದಿಂದ ಎಳೆದರೆ ಅವುಗಳ ತಳ ಹರಿಯುತ್ತದೆ. ಬಫರ್ ಹಾಕಿ, ನೇರವಾಗಿ, ನಿಧಾನವಾಗಿ ಎತ್ತಿ. ಮಾದರಿ ತುಂಬುವಾಗ ಪಿಪೆಟ್ಟಿನ ತುದಿ ಗುಳಿಯ ಬಾಯೊಳಗೆ ಸ್ವಲ್ಪವೇ ಇಳಿದರೆ ಸಾಕು, ತಳ ಮುಟ್ಟಬಾರದು. ಇನ್ನೊಂದು ಕೈಯ ಬೆರಳಿನಿಂದ ಪಿಪೆಟ್ಟಿಗೆ ಆಸರೆ ಕೊಟ್ಟರೆ ನಡುಗುವುದಿಲ್ಲ. ಲೋಡಿಂಗ್ ಡೈಯಲ್ಲಿರುವ ಗ್ಲಿಸರಾಲ್ ಮಾದರಿಯನ್ನು ತಾನಾಗಿ ಕೆಳಗಿಳಿಸುತ್ತದೆ.

ಗುಳಿಗಳಿರುವ ಬದಿಗೆ ಕಪ್ಪು ತಂತಿ, ಎಂದರೆ ಋಣ ಧ್ರುವ ಬಂದಿದೆಯೇ ಎಂದು ಸ್ವಿಚ್ ಹಾಕುವ ಮೊದಲು ಇನ್ನೊಬ್ಬರಿಂದ ನೋಡಿಸಿ. ವಿದ್ಯುತ್ ಹರಿದರೆ ಎರಡೂ ತಂತಿಗಳ ಬಳಿ ಸಣ್ಣ ಗುಳ್ಳೆಗಳೇಳುತ್ತವೆ. ಕೆಲವು ನಿಮಿಷಗಳಲ್ಲಿ ನೀಲಿ ಬಣ್ಣ ಜೆಲ್‌ನೊಳಗೆ ಸರಿಯಬೇಕು. ಹಿಂದಕ್ಕೆ ಬಫರಿನ ಕಡೆಗೆ ಹೊರಟಿದ್ದರೆ ತಂತಿ ಅದಲುಬದಲಾಗಿದೆ ಎಂದೇ ಅರ್ಥ. ಕರೆಂಟ್ ಹೋದರೆ ಪಟ್ಟಿಗಳು ಮೆಲ್ಲಗೆ ಹರಡಿ ಮಸುಕಾಗುತ್ತವೆ. ಎಷ್ಟು ಹೊತ್ತು ಹೋಗಿತ್ತು ಎಂಬುದನ್ನು ರೆಕಾರ್ಡಿನಲ್ಲಿ ಬರೆಯಿರಿ, ಏಕೆಂದರೆ ಮಸುಕಿನ ಕಾರಣ ಅದೇ ಇರಬಹುದು. ಬಂದ ಫಲಿತಾಂಶವನ್ನು ಬಂದಂತೆಯೇ ಬರೆಯುವುದು ಪ್ರಾಕ್ಟಿಕಲ್‌ನ ಮೊದಲ ನಿಯಮ. ಪಟ್ಟಿಯೇ ಬಾರದಿದ್ದರೆ ಏಕೆ ಬರಲಿಲ್ಲ ಎಂಬುದಕ್ಕೆ ಎರಡು ಕಾರಣಗಳನ್ನು ಊಹಿಸಿ, ಅವನ್ನು ಹೇಗೆ ಪರೀಕ್ಷಿಸಬಹುದು ಎಂದು ಬರೆದ ಪುಟ ಇಳಿಸಿಕೊಂಡ ಹತ್ತು ಪುಟಗಳಿಗಿಂತ ಮೇಲು. ಎಥಿಡಿಯಂ ಬ್ರೋಮೈಡ್ ಡಿಎನ್‌ಎಯ ಪದರಗಳ ನಡುವೆ ನುಸುಳುವ ಬಣ್ಣವಾದ್ದರಿಂದ ಕೈಗವಸಿಲ್ಲದೆ ಮುಟ್ಟಬಾರದು. ಅದೇ ಕೈಗವಸಿನಲ್ಲಿ ಮೊಬೈಲು, ಬಾಗಿಲ ಹಿಡಿಕೆಗಳನ್ನೂ ಮುಟ್ಟಬಾರದು. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಐಸ್ ಬಹುಬೇಗ ಕರಗುವುದರಿಂದ ಡಿಎನ್‌ಎ ಕತ್ತರಿಸುವ ರಿಸ್ಟ್ರಿಕ್ಷನ್ ಕಿಣ್ವಗಳನ್ನು ಫ್ರೀಜರಿನಿಂದ ಎಲ್ಲಕ್ಕಿಂತ ಕೊನೆಗೆ ಹೊರತೆಗೆಯಬೇಕು.

ಕನ್ನಡ ಮಾಧ್ಯಮದಿಂದ ಬಂದವರು ಒಂದು ಕ್ರಮವನ್ನು ಅನುಸರಿಸಬಹುದು. ಪಾಠವನ್ನು ಗೆಳೆಯರಿಗೆ ಕನ್ನಡದಲ್ಲಿ, ಪುಸ್ತಕ ಮುಚ್ಚಿಟ್ಟು, ಬಾಯಿಬಿಟ್ಟು ವಿವರಿಸಿ. ಎಲ್ಲಿ ಮಾತು ಕಟ್ಟುತ್ತದೋ ಅಲ್ಲಿ ಅರ್ಥವಾಗಿಲ್ಲ ಎಂದು ತಿಳಿಯಿರಿ. ಅರ್ಥವಾದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದು ಅಧ್ಯಾಪಕರಿಗೆ ತೋರಿಸಿ. ಇಂಗ್ಲಿಷ್ ಬಾರದೆಂದು ಇಡೀ ಪ್ಯಾರಾಗಳನ್ನು ಕಂಠಪಾಠ ಮಾಡುವವರು ಪ್ರಶ್ನೆ ಸ್ವಲ್ಪ ತಿರುಗಿದರೂ ಕೈಚೆಲ್ಲುತ್ತಾರೆ.

ಪುಸ್ತಕಗಳು ದುಬಾರಿ ಎಂಬುದು ನಿಜ, ಆದರೆ ಎನ್‌ಸಿಬಿಐ ಜಾಲತಾಣದಲ್ಲಿ ಅನೇಕ ಪಠ್ಯಪುಸ್ತಕಗಳ ಹಳೆಯ ಆವೃತ್ತಿಗಳನ್ನು ಉಚಿತವಾಗಿ ಓದಬಹುದು. ಎನ್‌ಪಿಟೆಲ್ ಮತ್ತು ಸ್ವಯಂ ಆನ್‌ಲೈನ್ ಪಾಠಗಳಿಗೂ ಹಣ ಕೊಡಬೇಕಾಗಿಲ್ಲ, ಪ್ರಮಾಣಪತ್ರದ ಪರೀಕ್ಷೆಗಷ್ಟೇ ಶುಲ್ಕ. ಎನ್‌ಸಿಬಿಐಯಲ್ಲಿಯೇ ಎಕ್ಸ್‌ಎ21ರ ಪ್ರೋಟೀನ್ ಕ್ರಮವನ್ನು ಹುಡುಕಿ, ಕ್ರಮಗಳನ್ನು ಹೋಲಿಸುವ ಬ್ಲಾಸ್ಟ್ ಎಂಬ ಸಾಧನಕ್ಕೆ ಹಾಕಿ, ಬೇರೆ ಯಾವ ಯಾವ ಸಸ್ಯಗಳಲ್ಲಿ ಅದನ್ನು ಹೋಲುವ ಪ್ರೋಟೀನುಗಳಿವೆ ಎಂದು ನೋಡುವುದಕ್ಕೆ ಮೊಬೈಲೇ ಸಾಕು.

ಎಂಎಸ್ಸಿಗೆ ಸ್ಥಳೀಯವಾಗಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯಗಳನ್ನು ನೋಡುವವರು ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ವಿಧಿಯ ಅಡಿಯ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಅರ್ಜಿಯ ಕೊನೆಯ ವಾರದಲ್ಲಿ ಅದಕ್ಕೆ ಓಡಾಡುವುದು ಬೇಡ. ಹೊರಗೆ ಹೋಗಬಯಸುವವರಿಗೆ ಐಐಟಿ ಜಾಮ್‌ನ ಬಯೋಟೆಕ್ನಾಲಜಿ ಪತ್ರಿಕೆ ಮತ್ತು ಗ್ಯಾಟ್-ಬಿ ಎಂಬ ಪ್ರವೇಶ ಪರೀಕ್ಷೆಗಳು ಮುಖ್ಯ ಬಾಗಿಲುಗಳು. ಎಂಎಸ್ಸಿಯ ನಂತರ ಸಂಶೋಧನೆಗೆ ಸಿಎಸ್‌ಐಆರ್-ನೆಟ್‌ನ ಜೀವವಿಜ್ಞಾನ ಪತ್ರಿಕೆ. ನೆಟ್‌ನ ಮೂರನೇ ಭಾಗದ ಪ್ರಶ್ನೆಗಳು ಬಹುಮಟ್ಟಿಗೆ ಪ್ರಯೋಗವೊಂದನ್ನು ಕೊಟ್ಟು ಫಲಿತಾಂಶವನ್ನು ವಿವರಿಸಲು ಕೇಳುವಂಥವು. ಮೆಸೆಲ್ಸನ್–ಸ್ಟಾಲ್ ಪ್ರಯೋಗವನ್ನು ಮೇಲೆ ಹೇಳಿದಂತೆ ಓದಿದವರಿಗೆ ಆ ಬಗೆ ಹೊಸದಾಗಿರುವುದಿಲ್ಲ.

ಪದವಿಯಲ್ಲಿರುವಾಗಲೇ ಒಂದು ಬೇಸಿಗೆ ನಿಜವಾದ ಪ್ರಯೋಗಾಲಯದಲ್ಲಿ ಕಳೆಯಲು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಅದಕ್ಕೆ ಹಿಂದಿನ ವರ್ಷವೇ ಅರ್ಜಿ ಕರೆಯುವುದರಿಂದ ದಸರಾ ರಜೆಯ ಹೊತ್ತಿಗೆ ಜಾಲತಾಣ ನೋಡಲು ಆರಂಭಿಸಬೇಕು. ವಿಜ್ಞಾನಿಗಳಿಗೆ ನೇರವಾಗಿ ಇಮೇಲ್ ಬರೆಯುವುದಾದರೆ ಅವರ ಪ್ರಬಂಧವೊಂದನ್ನು ಓದಿ, ಅದರಲ್ಲಿನ ಒಂದು ಚಿತ್ರದ ಬಗ್ಗೆ ನಿಮಗೆ ಬಂದ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಕೇಳಿ, ನೀವು ಸ್ವತಃ ಮಾಡಿದ ಪ್ರಯೋಗಗಳನ್ನು ಮಾತ್ರ ಹೆಸರಿಸಿ, ಅಂಕಪಟ್ಟಿಯನ್ನು ಲಗತ್ತಿಸಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲಿರಿ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸಿದರೆ ಓದುವವರಿಗೆ ಅದು ಮೊದಲ ಸಾಲಿನಲ್ಲೇ ತಿಳಿಯುತ್ತದೆ.