ಮರದ ಮೇಲೆ ಪುಟ್ಟ ಅಕ್ಷರ ಕೆತ್ತುವುದು ಹೇಗೆ?

ಕಂಪ್ಯೂಟರ್ ಹೇಳಿದಂತೆ ತಾನೇ ಕೆತ್ತುವ, ಹವ್ಯಾಸದ ಸಿಎನ್‌ಸಿ ಯಂತ್ರದಲ್ಲಿ ದೊಡ್ಡ ಹೆಸರು ಚೆನ್ನಾಗಿಯೇ ಮೂಡುತ್ತದೆ. ಅದನ್ನೇ 8 ಮಿ.ಮೀ. ಎತ್ತರಕ್ಕೆ ಇಳಿಸಿ ನೋಡಿ. 'ಮ' ಅಕ್ಷರದ ಹೊಟ್ಟೆ ಒಡೆಯುತ್ತದೆ, ಒತ್ತಕ್ಷರ ಚೂರಾಗಿ ಎಗರುತ್ತದೆ. ಯಂತ್ರವನ್ನು ಬೈಯುವ ಮೊದಲು ಹಲಗೆಯ ಮಟ್ಟ ನೋಡಿ ಎನ್ನುತ್ತೇನೆ ನಾನು.

ಮೇಪಲ್, ಚೆರಿಯಂಥ ಎಳೆಗಳು ಒತ್ತಾಗಿರುವ ಮರ ಆರಿಸಿಕೊಳ್ಳಿ. ಪೈನ್‌ನಲ್ಲಿ ಮೆತ್ತಗಿನ ಪಟ್ಟಿ, ಗಟ್ಟಿ ಪಟ್ಟಿ ಒಂದಾದ ಮೇಲೊಂದು ಬರುತ್ತವೆ. ಸಣ್ಣ ಅಕ್ಷರಕ್ಕೆ ಅದು ಬೇಡ.

ಬಿಟ್, ಅಂದರೆ ಕೆತ್ತುವ ಮೊನೆ, 60 ಡಿಗ್ರಿಯ ವಿ-ಬಿಟ್ (ತುದಿ V ಆಕಾರದ್ದು) ಇರಲಿ. ಇದು ಆಳಕ್ಕೆ ಇಳಿದಷ್ಟೂ ಗೆರೆ ಅಗಲವಾಗುತ್ತದೆ. 1 ಮಿ.ಮೀ. ಅಗಲದ ಗೆರೆಗೆ ಸುಮಾರು 0.87 ಮಿ.ಮೀ. ಆಳ ಬೇಕು. ಹಲಗೆ ಒಂದು ಕಡೆ ಬರೀ 0.2 ಮಿ.ಮೀ. ಉಬ್ಬಿದ್ದರೂ ಅಲ್ಲಿ ಗೆರೆ 0.23 ಮಿ.ಮೀ. ದಪ್ಪವಾಗುತ್ತದೆ. 90 ಡಿಗ್ರಿ ಬಿಟ್ ಆದರೆ 0.4! ಪುಟ್ಟ ಅಕ್ಷರದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ, ಅಲ್ವಾ? 30 ಡಿಗ್ರಿ ಬಿಟ್‌ನಲ್ಲಿ ಈ ತೊಂದರೆ ಇನ್ನೂ ಕಡಿಮೆ, ಆದರೆ ಅದರ ತುದಿ ಬೇಗ ಮುರಿಯುತ್ತದೆ.

ಆದ್ದರಿಂದ ಹಲಗೆಯನ್ನು ಬಿಗಿಯಾಗಿ ಕೂರಿಸಿ, ಅಗಲವಾದ ಬಿಟ್‌ನಿಂದ ಮೇಲಿನ ಪದರ ತೆಳ್ಳಗೆ ಸವರಿ. ಆಮೇಲೆ ಅದನ್ನು ಕದಲಿಸಲೇಬೇಡಿ. ಅಲ್ಲೇ ಎರಡು ಸಲ ಶೆಲ್ಯಾಕ್ (ಅರಗಿನ ಮೆರುಗೆಣ್ಣೆ) ಬಳಿದು ಒಣಗಿಸಿ. ನಾರು ಗಟ್ಟಿಯಾಗಿ ಅಂಚು ಚೊಕ್ಕವಾಗಿ ಕತ್ತರಿಸುತ್ತದೆ, ಮುಂದೆ ಬಣ್ಣವೂ ಹರಡುವುದಿಲ್ಲ.

ಈಗ ಸೊನ್ನೆ ಹಿಡಿಯಬೇಕು, ಅಂದರೆ ಬಿಟ್ ತುದಿ ಹಲಗೆ ಮುಟ್ಟುವ ಎತ್ತರವನ್ನು ಯಂತ್ರಕ್ಕೆ ಸೊನ್ನೆ ಎಂದು ತಿಳಿಸಬೇಕು. ಬಿಟ್ ಕೆಳಗೆ ತೆಳು ಕಾಗದ ಇಟ್ಟು, ಅದನ್ನು ಆಚೀಚೆ ಎಳೆಯುತ್ತಲೇ ಬಿಟ್ಟನ್ನು ಕೂದಲೆಳೆಯಷ್ಟು ಇಳಿಸುತ್ತಾ ಹೋಗಿ. ಕಾಗದ ಮೆಲ್ಲಗೆ ತಡೆದ ಕಡೆ ನಿಲ್ಲಿಸಿ, ಆ ಎತ್ತರದಿಂದ ಕಾಗದದ ದಪ್ಪ ಸುಮಾರು 0.1 ಮಿ.ಮೀ. ಕಳೆಯಿರಿ. ಸೊನ್ನೆ ಹಿಡಿಯುವುದು ಹಲಗೆಯ ಮೇಲ್ಮೈಗೆ, ಅದು ಕೂತಿರುವ ಯಂತ್ರದ ಮೇಜಿಗೆ ಅಲ್ಲ.

ಬಿಟ್ ಮರದ ಮೇಲೆ ಸಾಗುವ ವೇಗ ನಿಮಿಷಕ್ಕೆ 600 ಮಿ.ಮೀ. ಇಟ್ಟು ಶುರು ಮಾಡಿ. ಸಣ್ಣ ತಿರುವುಗಳಲ್ಲಿ ಯಂತ್ರ ತಾನೇ ನಿಧಾನವಾಗುತ್ತದೆ, ಬಿಟ್ ಮಾತ್ರ ಅದೇ ರಭಸದಲ್ಲಿ ಸುತ್ತುತ್ತಿರುತ್ತದೆ. ತಿರುವಿನಲ್ಲಿ ಮರ ಕಪ್ಪಾದರೆ ಬಿಟ್ ಸುತ್ತಿಸುವ ಸ್ಪಿಂಡಲ್‌ನ ವೇಗ ತಗ್ಗಿಸಿ. ಕನ್ನಡಕ, ಮಾಸ್ಕ್ ಹಾಕಿಕೊಂಡೇ ನಿಲ್ಲಿ.

ಇಡೀ ಹೆಸರಿಗೆ ಕೈ ಹಾಕುವ ಮೊದಲು ಮೂಲೆಯಲ್ಲಿ 'ಸ್ತ್ರೀ' ಒಂದನ್ನೇ ಕೆತ್ತಿ ನೋಡಿ. ಒತ್ತು ಉಳಿದರೆ ಉಳಿದದ್ದೂ ಬರುತ್ತದೆ. ಒಡೆದರೆ ಅಕ್ಷರ ಸ್ವಲ್ಪ ದೊಡ್ಡದು ಮಾಡಿ, ಇಲ್ಲವೇ ತೆಳು ಗೆರೆಯ ಫಾಂಟ್ ಹಾಕಿ.

ಧೂಳು ತೆಗೆಯಲು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಬಣ್ಣ ತುಂಬಿ, ಚೆನ್ನಾಗಿ ಒಣಗಿದ ಮೇಲೆ ಚಪ್ಪಟೆ ಮರದ ತುಂಡಿಗೆ 220 ನಂಬರಿನ ಮರಳು ಕಾಗದ ಸುತ್ತಿ ಉಜ್ಜಿ. ಸುಮ್ನೆ ಜಾಸ್ತಿ ಉಜ್ಜಬೇಡಿ. ಮೇಲ್ಮೈ ಸವೆದಷ್ಟೂ ಗೆರೆ ಸಣ್ಣಗಾಗುತ್ತದೆ. ಮೇಲೆ ಬಿದ್ದ ಬಣ್ಣ ಹೋದ ತಕ್ಷಣ ಕೈ ನಿಲ್ಲಿಸಿ.